ಉಷ್ಣ ಪಾಠದ ಮೇಷ್ಟ್ರು, ಕುದಿಯುವ ಕಾರು

“ಮೆಕಾನಿಕ್ಕನ್ನ ಕರೆಯೋದಾ? ನಾನಾ? ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಉಷ್ಣ ಅಂದ್ರೇನು ಅಂತ ಪಾಠ ಹೇಳ್ತಿದೀನಿ ಕಣೇ! ಈ ಕಾರಿನ ಉಷ್ಣ ಇಳಿಸೋಕೆ ನನಗೆ ಇನ್ನೊಬ್ಬನ ಸಹಾಯ ಬೇಕಾ?”

ಸೋಮವಾರ ಸಂಜೆ ಮನೆಯ ಮುಂದೆ ನಿಂತು ಮೇಷ್ಟ್ರು ಹೀಗೆ ಪ್ರತಿಜ್ಞೆ ಮಾಡಿದರು. ಆ ಹೊತ್ತಿನಲ್ಲಿ ಅವರ ಬಿಳಿ ಅಂಗಿಯ ಮೇಲೆ ಕೊರಳಿನಿಂದ ಹೊಟ್ಟೆಯವರೆಗೆ ತುಕ್ಕುಬಣ್ಣದ ಚುಕ್ಕೆಗಳಿದ್ದವು. ಒತ್ತಡದಲ್ಲಿರುವ ನೀರು ನೂರು ಡಿಗ್ರಿಯಲ್ಲೂ ಕುದಿಯುವುದಿಲ್ಲ, ಒತ್ತಡ ತೆಗೆದರೆ ತಟ್ಟನೆ ಕುದಿಯುತ್ತದೆ ಎಂದು ಅಂದು ಬೆಳಿಗ್ಗೆಯಷ್ಟೇ ಅವರು ಒಂಬತ್ತನೇ ತರಗತಿಗೆ ಪಾಠ ಮಾಡಿದ್ದರು. ಸಂಜೆ ಶಾಲೆಯಿಂದ ಬರುವಾಗ ಕಾರು ನಡುರಸ್ತೆಯಲ್ಲಿ ಹಬೆಯಾಡಿ ನಿಂತಿತು. ಮೇಷ್ಟ್ರು ಇಳಿದು, ಕೈಗೆ ಕರವಸ್ತ್ರ ಸುತ್ತಿಕೊಂಡು, ರೇಡಿಯೇಟರಿನ ಮುಚ್ಚಳ ತಿರುಗಿಸಿಯೇಬಿಟ್ಟರು. ಪಾಠ ಅಕ್ಷರಶಃ ನಿಜವಾಯಿತು! ಮುಖ ಗೇಣಳತೆಯಲ್ಲಿ ಉಳಿಯಿತು. ಅಂಗಿ ಉಳಿಯಲಿಲ್ಲ.

“ಒಳ್ಳೇದಾಯ್ತು ಬಿಡಿ,” ಎಂದಳು ಹೆಂಡತಿ, ಬಾಗಿಲಿಗೆ ಒರಗಿಕೊಂಡು. “ಬಿಳಿ ಅಂಗಿ ನೋಡಿ ನೋಡಿ ನನಗೂ ಬೇಜಾರಾಗಿತ್ತು.”

ಇಲ್ಲಿ ಆ ಮನೆಯ ಮಾತಿನ ಪದ್ಧತಿಯನ್ನು ಸ್ವಲ್ಪ ಹೇಳಬೇಕು. ಹೆಂಡತಿಗೆ ಗ್ರಂಥಾಲಯದಲ್ಲಿ ಕೆಲಸ. ದಿನವಿಡೀ ‘ಶ್ಶ್!’ ಎನ್ನುವುದನ್ನು ಬಿಟ್ಟು ಬೇರೆ ಮಾತಿಗೆ ಅಲ್ಲಿ ಅವಕಾಶವಿಲ್ಲ. ಹಾಗಾಗಿ ಎಂಟು ಗಂಟೆ ಕಾಲ ಒಳಗೇ ಕೂಡಿಟ್ಟ ಮಾತೆಲ್ಲ ಸಂಜೆ ಮನೆಗೆ ಬಂದ ಮೇಲೆ, ಚೆನ್ನಾಗಿ ಹುಳಿಯೇರಿ ಹೊರಬರುತ್ತಿತ್ತು. ಗಂಡ ಸಕ್ಕರೆ ಮರೆತು ಚಹಾ ಮಾಡಿಕೊಟ್ಟರೆ “ಪಾಪ, ನನ್ನ ಆರೋಗ್ಯದ ಬಗ್ಗೆ ಎಷ್ಟು ಕಾಳಜಿ ನಿಮಗೆ!” ಎನ್ನುವಳು. ಬಾತ್‌ರೂಮಿನ ದೀಪ ಆರಿಸದಿದ್ದರೆ “ಉರೀಲಿ ಬಿಡಿ, ಒಳಗೆ ಸೋಪಿಗೆ ಕತ್ತಲು ಅಂದ್ರೆ ಭಯ” ಎನ್ನುವಳು. ಹತ್ತೊಂಬತ್ತು ವರ್ಷದ ದಾಂಪತ್ಯದಲ್ಲಿ ಮೇಷ್ಟ್ರು ಇದಕ್ಕೊಂದು ನಿಯಮವನ್ನೇ ಕಂಡುಹಿಡಿದಿದ್ದರು: ಹೆಂಡತಿ ಹೇಳಿದ್ದನ್ನು ತಿರುಗಿಸಿದರೆ ಅರ್ಥ ಬರುತ್ತದೆ. ಹತ್ತೊಂಬತ್ತು ವರ್ಷವೂ ಆ ನಿಯಮ ಕೈಕೊಟ್ಟಿರಲಿಲ್ಲ. ಈ ವಾರ ಕೈಕೊಟ್ಟಿತು.

ಹಿಂದಿನ ದಿನವಷ್ಟೇ, ಅಂದರೆ ಭಾನುವಾರ, ಮೇಷ್ಟ್ರ ಬಾಳಿನಲ್ಲಿ ಒಂದು ಮಹಾ ಘಟನೆ ನಡೆದಿತ್ತು. ಒಂಬತ್ತರ ಎದುರು ಹನ್ನೊಂದು ಮತಗಳ ಪ್ರಚಂಡ ಬಹುಮತದಿಂದ ಅವರು ‘ಮೂರನೇ ಅಡ್ಡರಸ್ತೆ ಹಾಗೂ ಸುತ್ತಮುತ್ತಲಿನ ರಸ್ತೆಗಳ ಪ್ರಾತಃಕಾಲೀನ ವಾಯುವಿಹಾರಿಗಳ ಕ್ಷೇಮಾಭಿವೃದ್ಧಿ ಸಂಘ’ದ ಅಧ್ಯಕ್ಷರಾಗಿದ್ದರು. ಅಧ್ಯಕ್ಷರೆಂದ ಮೇಲೆ ಕಾರಿಗೊಂದು ಫಲಕ ಬೇಡವೇ? ಅದನ್ನು ಅವರು ಗೆಲ್ಲುವ ಮೊದಲೇ ಬರೆಸಿಟ್ಟಿದ್ದರು! ಸಂಘದ ಹೆಸರು ಅಷ್ಟುದ್ದ ಇದ್ದದ್ದರಿಂದ ಫಲಕವೂ ಅಷ್ಟುದ್ದವಾಯಿತು. ‘ಅಧ್ಯಕ್ಷರು’ ಎಂಬುದು ಮಿಕ್ಕಿದ್ದಕ್ಕಿಂತ ದೊಡ್ಡ ಅಕ್ಷರದಲ್ಲಿರಬೇಕೆಂದು ಮೇಷ್ಟ್ರು ಹಟ ಹಿಡಿದದ್ದರಿಂದ ಅಗಲವೂ ಆಯಿತು. ನೀಲಿ ತಗಡು, ಬಿಳಿ ಅಕ್ಷರ, ಚಿನ್ನದ ಬಣ್ಣದ ಅಂಚು. ಕಾರಿನ ಮೂತಿಯ ಜಾಲರಿಗೆ ನಾಲ್ಕು ತಿರುಪು ಹಾಕಿ ಕೂರಿಸಿದಾಗ ಅದು ಒಂದು ಹೆಡ್‌ಲೈಟಿನಿಂದ ಇನ್ನೊಂದು ಹೆಡ್‌ಲೈಟಿನವರೆಗೆ ಒಂದಿಂಚೂ ಬಿಡದೆ ಆವರಿಸಿತು.

“ಪರವಾಗಿಲ್ಲ, ಚಿಕ್ಕದಾಗಿ ಚೊಕ್ಕವಾಗಿದೆ,” ಎಂದಿದ್ದಳು ಹೆಂಡತಿ. “ನಡಿಗೆಯವರ ಸಂಘಕ್ಕೆ ಕಾರಿನ ಮೇಲೆ ಬೋರ್ಡು! ಈಜೋರ ಸಂಘ ಆಗಿದ್ರೆ ಎಲ್ಲಿ ಹಾಕಿಸ್ತಿದ್ರೋ?”

ಹೊಟ್ಟೆಕಿಚ್ಚು ಎಂದುಕೊಂಡರು ಮೇಷ್ಟ್ರು.

ಇನ್ನು ಆ ಕಾರು. ಅದು ಹೆಂಡತಿಯ ತವರಿನ ಕಾರು. ಮಾವ ಬಸ್ ಡಿಪೋದಲ್ಲಿ ಫಿಟ್ಟರ್ ಆಗಿದ್ದವರು. ಇಪ್ಪತ್ತೆಂಟು ವರ್ಷ ಅದನ್ನು ತಾವೇ ಓಡಿಸಿ, ತಾವೇ ಬಿಚ್ಚಿ, ತಾವೇ ಜೋಡಿಸಿ, ಕಣ್ಣು ಮಂಜಾದ ಮೇಲೆ ಮಗಳಿಗೆ ಕೊಟ್ಟಿದ್ದರು. ಸೋಮವಾರ ಸಂಜೆ ಅವರ ಫೋನು ಬಂತು. ಕಾರು ಕುದಿದ ಸುದ್ದಿ ಮಗಳ ಬಾಯಿಂದ ಜಾರಿ ಅವರ ಕಿವಿಗೆ ಬಿದ್ದಿತ್ತು.

“ಅಳಿಯಂದ್ರೇ, ನನ್ನ ಕೈಲಿ ಇಪ್ಪತ್ತೆಂಟು ವರ್ಷ ಇತ್ತು. ಒಂದು ದಿನ ಕುದೀಲಿಲ್ಲ.”

“ಹೌದು ಮಾವ.”

“ಭಾನುವಾರ ಊಟಕ್ಕೆ ಬರ್ತೀರಲ್ಲ, ನಮ್ಮ ಮನೆ ಏರು ಹತ್ತಿ ಕುದೀದೆ ಬಂದ್ರೆ ಸರಿ. ಕುದೀತೋ, ಅದಕ್ಕೆ ವಯಸ್ಸಾಯ್ತು ಅಂತ ಲೆಕ್ಕ. ಗುಜರಿಯವನನ್ನ ಕರೆಸಿ ಕೊಟ್ಟುಬಿಡ್ತೀನಿ. ಅದು ರಸ್ತೆ ರಸ್ತೇಲಿ ನರಳೋದನ್ನ ನಾನು ನೋಡಲ್ಲ.”

ಫೋನಿಟ್ಟ ಮೇಲೆ ಹೆಂಡತಿ ಹೊರಗೆ ಹೋಗಿ, ಕೊಳೆಯೇ ಆಗದಿದ್ದ ಕಾರಿನ ಗಾಜನ್ನು ಸೆರಗಿನಿಂದ ಒರೆಸಿದಳು. ಏಳು ವರ್ಷದ ಹುಡುಗಿಯಾಗಿದ್ದಾಗ ಅಪ್ಪ ಆ ಕಾರಿನ ಕೆಳಗೆ ಮಲಗಿ ಕೆಲಸ ಮಾಡುವಾಗ ಟಾರ್ಚು ಹಿಡಿಯುತ್ತಿದ್ದವಳು ಅವಳು. ಗೇರು ಹಾಕಲು ಕಲಿತದ್ದು ಅದರಲ್ಲಿ. ಕೆಲಸಕ್ಕೆ ಸೇರಿದ ಮೊದಲ ದಿನ ಹೋದದ್ದು ಅದರಲ್ಲಿ.

“ಇದು ಹೋದ್ರೆ ನನಗೆ ತುಂಬಾ ಬೇಜಾರಾಗುತ್ತೆ ರೀ,” ಎಂದಳು.

ಇಷ್ಟು ನೆಟ್ಟಗಿನ ಮಾತು ಆ ಮನೆಯಲ್ಲಿ ಕೇಳಿ ವರ್ಷಗಳೇ ಆಗಿದ್ದವು. ಮೇಷ್ಟ್ರ ಎದೆ ಕಲಕಿತು. ಏನಾದರೂ ಮಾಡಿ ಈ ಕಾರನ್ನು ಉಳಿಸಿಯೇ ತೀರುತ್ತೇನೆ ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ ಅವಳು ಸೇರಿಸಿದಳು:

“ಆ ಬೋರ್ಡು ಬಿಚ್ಚಿಬಿಡಿ. ಸರಿಹೋಗುತ್ತೆ.”

ಬಂತು ನೋಡಿ! ಇಂಥ ಹೊತ್ತಿನಲ್ಲೂ ಚುಚ್ಚುಮಾತು! ಕಲಕಿದ್ದ ಎದೆ ತಕ್ಷಣ ಗಟ್ಟಿಯಾಯಿತು. “ನಾನು ಅಧ್ಯಕ್ಷನಾಗಿದ್ದು ನಿನ್ನ ಕಣ್ಣಿಗೆ ಅಷ್ಟೊಂದು ಕುಕ್ಕುತ್ತಾ?” ಎಂದು ಕೇಳಿ ಮೇಷ್ಟ್ರು ಒಳಗೆ ಹೋದರು.

ಮಂಗಳವಾರ ಶಾಲೆಗೆ ರಜೆ ಹಾಕಿ ಸಂಶೋಧನೆ ಶುರುವಾಯಿತು. ಮೊದಲ ಕೆಲಸ ಫಲಕವನ್ನು ಕಾಪಾಡುವುದು. ಅದಕ್ಕೆ ಎಣ್ಣೆ ಮಸಿ ಹತ್ತೀತೆಂದು ನಾಲ್ಕೂ ತಿರುಪು ಬಿಚ್ಚಿ, ಹೊಸ ಟವೆಲ್ಲಿನಲ್ಲಿ ಸುತ್ತಿ, ಕೂಸನ್ನು ಮಲಗಿಸುವಂತೆ ಸೋಫಾದ ಮೇಲೆ ಮಲಗಿಸಿದರು. ಆಮೇಲೆ ಬಾನೆಟ್ಟು ಎತ್ತಿದರು. ಇಂಜಿನ್ನಿಗೂ ರೇಡಿಯೇಟರಿಗೂ ನಡುವೆ ಕೂತು, ನೀರು ಸಾಕಷ್ಟು ಬಿಸಿಯಾದ ಮೇಲಷ್ಟೇ ಬಾಗಿಲು ತೆರೆಯುವ ಥರ್ಮೋಸ್ಟಾಟ್ ಎಂಬ ಪುಟ್ಟ ಕವಾಟದ ಮೇಲೆ ಅವರಿಗೆ ಅನುಮಾನ. ಅದನ್ನು ಬಿಚ್ಚಿ ತೆಗೆದು, ನೇರವಾಗಿ ಅಡುಗೆಮನೆಗೆ ನಡೆದರು.

ಹೆಂಡತಿ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಒಲೆಯ ಮೇಲೆ ಹಾಲಿನ ಪಾತ್ರೆಯಲ್ಲಿ ನೀರು ಕಾಯುತ್ತಿತ್ತು. ಒಳಗೆ ಒಂದು ಹಿತ್ತಾಳೆಯ ತುಣುಕು ಮುಳುಗಿತ್ತು. ಶಾಲೆಯ ಪ್ರಯೋಗಾಲಯದಿಂದ ತಂದ ಉಷ್ಣಮಾಪಕವನ್ನು ಅದ್ದಿಕೊಂಡು ಮೇಷ್ಟ್ರು ತಪಸ್ಸಿಗೆ ನಿಂತಿದ್ದರು.

“ಬೆಂತಾ?”

“ಎಂಬತ್ತೆರಡು ಡಿಗ್ರಿಗೆ ಬಾಯಿ ತೆರೀಬೇಕು. ಮಾತಾಡಿಸಬೇಡ.”

“ಎಳೇದು ನೋಡಿ ತರೋದಲ್ವಾ? ಒಂಚೂರು ಉಪ್ಪು ಹಾಕಿ, ಬೇಗ ಬೇಯುತ್ತೆ.”

ಎಂಬತ್ತೆರಡಕ್ಕೆ ಸರಿಯಾಗಿ ಕವಾಟ ಬಾಯಿ ತೆರೆಯಿತು. ಅಂದರೆ ಅದರಲ್ಲಿ ಯಾವ ದೋಷವೂ ಇಲ್ಲ! ಹಾಲಿನ ಪಾತ್ರೆಯಲ್ಲಿ ಮಾತ್ರ ಒಂದು ದೋಷ ಹುಟ್ಟಿಕೊಂಡಿತು. ಮೂರು ಸಲ ತೊಳೆದರೂ ಮರುದಿನದ ಚಹಾಕ್ಕೆ ಗ್ಯಾರೇಜಿನ ವಾಸನೆ ಬಂತು. ಆದರೂ ಮೇಷ್ಟ್ರು ಅದೇ ಕವಾಟವನ್ನು ಚೆನ್ನಾಗಿ ಉಜ್ಜಿ, ಮತ್ತೆ ಕೂರಿಸಿ, ನೀರು ತುಂಬಿ, ಬಡಾವಣೆಗೆ ನಾಲ್ಕು ಸುತ್ತು ಹೊಡೆದು ಬಂದರು. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಡುವಿನಿಂದ ಅಲ್ಲಾಡಲಿಲ್ಲ.

“ಗೆದ್ದೆ!” ಎಂದು ಕೂಗುತ್ತಾ ಒಳಗೆ ಬಂದವರು, ಸೋಫಾದಿಂದ ಫಲಕವನ್ನೆತ್ತಿ, ಟವೆಲ್ಲು ಬಿಚ್ಚಿ, ಅಂಗಿಯ ತೋಳಿನಿಂದ ಒರೆಸಿ, ಮತ್ತೆ ಜಾಲರಿಗೆ ಕೂರಿಸಿ ನಾಲ್ಕೂ ತಿರುಪು ಬಿಗಿದರು.

ಬುಧವಾರ ಶಾಲೆಗೆ ಹೋಗುವಾಗ ಕಾರು ಅರ್ಧ ದಾರಿಯಲ್ಲಿ ಕುದಿಯಿತು.

ಅಂದು ಮೂರನೇ ಪಿರಿಯಡ್ಡಿಗೆ ತಡವಾಗಿ, ಬೆವರಿ ಬಂದ ಮೇಷ್ಟ್ರು ಮಕ್ಕಳಿಗೆ ಹೇಳಿದ ಪಾಠ ಯಾವುದು ಗೊತ್ತೇ? ‘ಪ್ರಯೋಗದ ಶಿಸ್ತು’! “ಒಂದು ಸಲಕ್ಕೆ ಒಂದೇ ಒಂದು ಅಂಶವನ್ನು ಬದಲಾಯಿಸಬೇಕು. ಗೊತ್ತಿಲ್ಲದೆ ಎರಡು ಬದಲಾಯಿಸಿದರೆ ಅಂಥವನನ್ನು ಏನಂತ ಕರೀಬೇಕು?” ಎಂದು ಕೇಳಿ, ಮಕ್ಕಳು ಒಕ್ಕೊರಲಿನಿಂದ “ದಡ್ಡ ಸಾರ್!” ಎಂದಾಗ ಬಹಳ ಮೆಚ್ಚಿಕೊಂಡರು.

ಸಂಜೆ ಹೆಂಡತಿ ಮತ್ತೆ ಅದೇ ರಾಗ ತೆಗೆದಳು. “ಬೋರ್ಡು ತೆಗೀರಿ ಅಂದ್ನಲ್ಲ.”

“ಬೋರ್ಡು ನಿನಗೇನು ಮಾಡಿದೆ?”

“ನನಗೇನೂ ಮಾಡಿಲ್ಲ.”

“ಕಾರಿನ ನೆಪ ಇಟ್ಕೊಂಡು ನನ್ನ ಪದವಿಗೆ ಕೈ ಹಾಕಬೇಡ.”

“ಸರಿ. ತಾವು ವಿಜ್ಞಾನಿಗಳು. ತಾವೇ ಕಂಡುಹಿಡೀತೀರಿ,” ಎಂದಳು. ಅದು ಹೊಗಳಿಕೆಯಲ್ಲ ಎಂಬುದು ಮೇಷ್ಟ್ರ ನಿಯಮಕ್ಕೂ ಗೊತ್ತಾಯಿತು.

ಗುರುವಾರ ಶಾಲೆಗೆ ಮತ್ತೊಂದು ರಜೆ. ಅಂದಿನ ಆರೋಪಿ ರೇಡಿಯೇಟರ್. ವರ್ಷಗಟ್ಟಲೆ ತುಕ್ಕು ಕಟ್ಟಿಕೊಂಡು ನೀರಿನ ದಾರಿ ಮುಚ್ಚಿದೆ ಎಂದು ತೀರ್ಪು ಕೊಟ್ಟ ಮೇಷ್ಟ್ರು ಫಲಕವನ್ನು ಎಂದಿನಂತೆ ಸೋಫಾದ ಮೇಲೆ ಮಲಗಿಸಿ, ತೋಟಕ್ಕೆ ನೀರು ಬಿಡುವ ಪೈಪನ್ನು ರೇಡಿಯೇಟರಿನ ಬಾಯಿಗಿಟ್ಟು, ನಲ್ಲಿಯನ್ನು ಪೂರ್ತಿ ತಿರುಗಿಸಿದರು. ಕೆಳಗಿನಿಂದ ಇಟ್ಟಿಗೆ ಬಣ್ಣದ ನೀರು ಧುಮ್ಮಿಕ್ಕಿತು. ಆಹಾ, ತುಕ್ಕು ಹೇಗೆ ಹರಿದುಹೋಗುತ್ತಿದೆ ಎಂದು ಮೈಮರೆತು ನೋಡುತ್ತಾ ನಿಂತರೇ ಹೊರತು, ಎಲ್ಲಿಗೆ ಹರಿದುಹೋಗುತ್ತಿದೆ ಎಂದು ನೋಡಲಿಲ್ಲ. ಅದು ಕಾಂಪೌಂಡಿನ ಸಂದಿಯಲ್ಲಿ ನುಸುಳಿ ಪಕ್ಕದ ಮನೆಯ ಅಂಗಳ ಸೇರಿತ್ತು. ಪಕ್ಕದ ಮನೆಯಲ್ಲಿದ್ದವರು ಬೇರೆ ಯಾರೂ ಅಲ್ಲ, ಚುನಾವಣೆಯಲ್ಲಿ ಒಂಬತ್ತು ಮತ ಪಡೆದು ಸೋತು ಕಾರ್ಯದರ್ಶಿ ಪದವಿಗೆ ತೃಪ್ತಿಪಟ್ಟವರು. ಅವರು ಆಗಷ್ಟೇ ತೊಳೆದ ಬಿಳಿ ಚಾಪೆಗಳನ್ನು ಅಂಗಳದಲ್ಲಿ ಹರಡಿದ್ದರು.

“ಅಧ್ಯಕ್ಷರೇ!” ಕಾಂಪೌಂಡಿನ ಮೇಲೆ ಒಂದು ತಲೆ ಕಾಣಿಸಿತು. “ಅಧಿಕಾರ ವಹಿಸಿಕೊಂಡು ಐದು ದಿನ ಆಗಿಲ್ಲ, ಆಗಲೇ ಜನರ ಮನೆಬಾಗಿಲಿಗೆ ಹೊಳೆ ಹರಿಸಿದ್ರಲ್ಲ! ಮುಂದಿನ ಸಭೆಯಲ್ಲಿ ಅಭಿನಂದನಾ ನಿರ್ಣಯ ಮಂಡಿಸ್ತೀನಿ.”

ಮೇಷ್ಟ್ರು ಮಧ್ಯಾಹ್ನವೆಲ್ಲ ಪಕ್ಕದ ಮನೆಯ ಚಾಪೆ ಉಜ್ಜಿದರು. ಸಂಜೆ ಕಾರಿನಲ್ಲಿ ನಾಲ್ಕು ಸುತ್ತು ಹೋದರು. ಮುಳ್ಳು ನಡುವಿನಲ್ಲಿ ನಿಂತಿತು. ಫಲಕ ಮತ್ತೆ ಮೂತಿಗೇರಿತು. ಶುಕ್ರವಾರ ಕಾರು ಮತ್ತೆ ಕುದಿಯಿತು.

ಈಗ ಮೇಷ್ಟ್ರಿಗೆ ನಿಜಕ್ಕೂ ಭಯವಾಯಿತು. ಭಾನುವಾರಕ್ಕೆ ಉಳಿದದ್ದು ಒಂದೇ ದಿನ. ಹೆಂಡತಿ ಎರಡು ದಿನದಿಂದ ಕುಟುಕುವುದನ್ನೇ ನಿಲ್ಲಿಸಿದ್ದಳು. ಸಕ್ಕರೆಯಿಲ್ಲದ ಚಹಾವನ್ನು ಸುಮ್ಮನೆ ಕುಡಿದಿಟ್ಟಳು. ಅದು ಅವರಿಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು. ಪ್ರತಿಜ್ಞೆಯನ್ನು ಗಾಳಿಗೆ ತೂರಿ, ಶನಿವಾರ ಬೆಳಿಗ್ಗೆ ಮೆಕಾನಿಕ್ಕಿಗೆ ಫೋನು ಮಾಡಿದರು. ಮೆಕಾನಿಕ್ ಬರುತ್ತಾನೆಂದು ಫಲಕವನ್ನು ಜೋಪಾನವಾಗಿ ಒಳಗಿಟ್ಟರು!

ಮೆಕಾನಿಕ್ ಬೆಲ್ಟು ಎಳೆದು ನೋಡಿದ, ಫ್ಯಾನು ತಿರುಗಿಸಿ ನೋಡಿದ, ಪೈಪುಗಳನ್ನು ಹಿಸುಕಿ ನೋಡಿದ, ಊರಾಚೆಯವರೆಗೂ ಓಡಿಸಿ ನೋಡಿದ. ವಾಪಸು ಬಂದು ಕೈ ಒರೆಸಿಕೊಂಡು, “ಸಾರ್, ಕಾರು ಬೆಣ್ಣೆ ಥರ ಇದೆ. ಏನೂ ಆಗಿಲ್ಲ,” ಎಂದ.

“ಮೂರು ಸಲ ಕುದಿದಿದೆ ಕಣಯ್ಯ!”

“ನನ್ನ ಹತ್ರ ಕುದೀತಿಲ್ಲ ಸಾರ್. ನಾನೇನು ಮಾಡ್ಲಿ? ದಾರೀಲಿ ಬಿಸಿ ಏರಿದ್ರೆ ಒಳಗಿನ ಹೀಟರ್ ಪೂರ್ತಿ ಹಾಕಿ. ಇಂಜಿನ್ ಬಿಸಿ ನಿಮ್ಮ ಕಡೆ ಬರುತ್ತೆ, ಅದಕ್ಕೆ ಸ್ವಲ್ಪ ಆರಾಮಾಗುತ್ತೆ.”

ಚಹಾ ಕುಡಿಯಲು ಒಳಗೆ ಬಂದವನು ಸೋಫಾದ ಮೇಲಿದ್ದ ಟವೆಲ್ಲಿನ ಗಂಟನ್ನು ನೋಡಿ, “ಇದೇನು ಸಾರ್, ಬಾಗಿಲಾ?” ಎಂದು ಕೇಳಿ, ಅದನ್ನು ಅತ್ತ ಸರಿಸಿ ಕೂತ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಅಳುತ್ತಿದ್ದಾಳೆ ಎಂದುಕೊಂಡರು ಮೇಷ್ಟ್ರು, ಪಾಪ.

ಭಾನುವಾರ. ಫಲಕವನ್ನು ವಿಶೇಷವಾಗಿ ತೊಳೆದು ಕೂರಿಸಲಾಗಿತ್ತು. ಮಾವ ಇನ್ನೂ ಅದನ್ನು ನೋಡಿರಲಿಲ್ಲವಲ್ಲ! ಹೊರಗೆ ಬಿಸಿಲು ಸುಡುತ್ತಿತ್ತು. ಮಾವನ ಮನೆಗೆ ಏಳು ತಿರುವಿನ ಏರು. ಮೊದಲ ತಿರುವು ದಾಟುವಷ್ಟರಲ್ಲಿ ಮುಳ್ಳು ನಡುಬಿಟ್ಟು ಮೇಲಕ್ಕೆ ಹೊರಟಿತು. ಮೇಷ್ಟ್ರು ಹೀಟರ್ ಪೂರ್ತಿ ತಿರುಗಿಸಿದರು.

ಕಾಲಿನ ಬುಡದಿಂದ ಬೆಂಕಿಯಂಥ ಗಾಳಿ ನುಗ್ಗಿತು. ಮೇಷ್ಟ್ರ ಕನ್ನಡಕ ಬೆವರಿನಲ್ಲಿ ಜಾರಿತು. ಹೆಂಡತಿ ಅಪ್ಪನಿಗೆಂದು ತೊಡೆಯ ಮೇಲಿಟ್ಟುಕೊಂಡಿದ್ದ ಕೇಕು ಮೆತ್ತಗಾಗಿ ಒಂದು ಕಡೆಗೆ ವಾಲಿತು.

“ಮುಳ್ಳು ಇಳೀತಾ ಇದೆ ನೋಡು!”

“ಹೌದು ರೀ, ತುಂಬಾ ಹಿತವಾಗಿದೆ,” ಎಂದಳು ಹೆಂಡತಿ, ಮುಖ ಒರೆಸಿಕೊಳ್ಳುತ್ತಾ. “ಒಂದು ಕಂಬಳಿ ತಂದಿದ್ರೆ ಚೆನ್ನಾಗಿತ್ತು.”

ಮೂರನೇ ತಿರುವಿನಲ್ಲಿ ಕಾರಿನೊಳಗಿದ್ದ ಇಬ್ಬರೂ ಬೆಂದಿದ್ದರು. ಅಷ್ಟಾದರೂ ಇಂಜಿನ್ ಒಪ್ಪಲಿಲ್ಲ. ಬುಸ್ಸೆಂದು ಹಬೆ ಎದ್ದಿತು. ಮೇಷ್ಟ್ರು ಕಾರನ್ನು ರಸ್ತೆಬದಿಯ ಗೋಡೆಯ ನೆರಳಿಗೆ ಸರಿಸಿ ನಿಲ್ಲಿಸಿದರು. ಸ್ಟಿಯರಿಂಗಿನ ಮೇಲೆ ತಲೆಯಿಟ್ಟರು.

“ಕ್ಷಮಿಸೇ,” ಎಂದರು. “ನನ್ನ ಕೈಲಿ ಆಗ್ಲಿಲ್ಲ. ನಿನ್ನ ಕಾರನ್ನ ಉಳಿಸೋಕೆ ಆಗ್ಲಿಲ್ಲ.”

ಹೆಂಡತಿ ಕೈಚೀಲ ತೆರೆದಳು. ಬಾಚಣಿಗೆ, ಗ್ರಂಥಾಲಯದ ಬೀಗದ ಕೈ, ಒಂದು ಪುಸ್ತಕ ಇವುಗಳ ನಡುವಿನಿಂದ ಒಂದು ಸ್ಕ್ರೂಡ್ರೈವರ್ ಹೊರಬಂತು. ಇಳಿದು ಹೋಗಿ ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಒಂದು, ಎರಡು, ಮೂರು, ನಾಲ್ಕು. ಫಲಕವನ್ನು ತಂದು ಮೇಷ್ಟ್ರ ತೊಡೆಯ ಮೇಲಿಟ್ಟಳು.

“ರಿಪೇರಿ ಮಾಡುವಾಗೆಲ್ಲ ಬೋರ್ಡು ಬಿಚ್ಚಿಡ್ತೀರಿ. ಬಿಚ್ಚಿಟ್ಟು ಓಡಿಸಿ ನೋಡ್ತೀರಿ. ಚೆನ್ನಾಗಿ ಓಡುತ್ತೆ. ಆಮೇಲೆ ಬೋರ್ಡು ಹಾಕ್ತೀರಿ, ಕುದಿಯುತ್ತೆ. ಎಷ್ಟು ಸಲ ರೀ? ಜಾಲರಿಯಿಂದ ಗಾಳಿ ಒಳಗೆ ಹೋದ್ರೆ ತಾನೇ ರೇಡಿಯೇಟರ್ ತಣ್ಣಗಾಗೋದು? ಏಳು ವರ್ಷದವಳಿದ್ದಾಗ ಅಪ್ಪ ನನಗೆ ಹೇಳಿಕೊಟ್ಟಿದ್ದು.”

ಒಂಬತ್ತನೇ ತರಗತಿಯ ನಲವತ್ತು ಮಕ್ಕಳು ಒಕ್ಕೊರಲಿನಿಂದ ಒಂದು ಶಬ್ದ ಕೂಗಿದಂತೆ ಮೇಷ್ಟ್ರಿಗೆ ಕೇಳಿಸಿತು.

“ಮತ್ತೆ... ನೀನು ಮೊದಲೇ ಹೇಳಬಾರದಿತ್ತಾ?”

“ಎರಡು ಸಲ ಹೇಳಿದೆ! ಸೋಮವಾರ, ಬುಧವಾರ!”

“ಆಡಿಕೊಳ್ತಿದೀಯ ಅಂದ್ಕೊಂಡೆ.”

“ಹತ್ತೊಂಬತ್ತು ವರ್ಷದಲ್ಲಿ ಎರಡೇ ಎರಡು ಸಲ ನೆಟ್ಟಗೆ ಮಾತಾಡಿದೀನಿ,” ಎಂದಳು ಹೆಂಡತಿ. “ಅದೂ ದಂಡ.”

ಇಂಜಿನ್ ಆರುವವರೆಗೆ ಇಬ್ಬರೂ ಗೋಡೆಯ ಮೇಲೆ ಕೂತರು. ಮೇಷ್ಟ್ರು ಫಲಕದಿಂದ ಹೆಂಡತಿಗೆ ಗಾಳಿ ಬೀಸಿದರು. ಅಷ್ಟು ದೊಡ್ಡ ಫಲಕ ಆ ವಾರದಲ್ಲಿ ಮಾಡಿದ ಒಂದೇ ಒಂದು ಉಪಕಾರ ಅದು. ಅಪ್ಪನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅವಳು, “ಹೇಳಿದ್ರೆ ನಿಮ್ಮ ಮರ್ಯಾದೆ ಉಳೀತಿತ್ತಾ?” ಎಂದು ಬೇರೆ ಕಡೆ ನೋಡಿದಳು. ಇದನ್ನು ತಿರುಗಿಸಿ ಅರ್ಥ ಮಾಡಿಕೊಳ್ಳುವ ಅಗತ್ಯ ಮೇಷ್ಟ್ರಿಗೆ ಕಾಣಲಿಲ್ಲ. ಫಲಕವನ್ನು ಇನ್ನಷ್ಟು ಜೋರಾಗಿ ಬೀಸಿದರು.

ಕುಡಿಯುವ ನೀರಿನ ಬಾಟಲಿಗಳನ್ನೆಲ್ಲ ರೇಡಿಯೇಟರಿಗೆ ಸುರಿದು, ಉಳಿದ ನಾಲ್ಕು ತಿರುವು ಅವಳೇ ಓಡಿಸಿದಳು. ಮುಳ್ಳು ನಡುವಿನಲ್ಲಿ ಕೂತಿದ್ದು ಏಳಲಿಲ್ಲ.

ಮಾವ ಗೇಟಿನಲ್ಲೇ ನಿಂತಿದ್ದರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟರು.

“ಕುದೀಲಿಲ್ಲ ಅಪ್ಪ,” ಎಂದಳು ಮಗಳು ಅವಸರದಿಂದ. “ಇವರೇ ಎಲ್ಲ ಸರಿ ಮಾಡಿದ್ರು.”

ಮುದುಕರು ಬಗ್ಗಿ, ಬಂಪರಿನ ಮೇಲೆ ಒಣಗುತ್ತಿದ್ದ ತುಕ್ಕುನೀರಿನ ಗೆರೆಯನ್ನು ಬೆರಳಿನಿಂದ ಒರೆಸಿ ಮೂಸಿದರು. ಕಣ್ಣು ಮಂಜಾಗಿದ್ದರೂ ಮೂಗು ಡಿಪೋದ್ದೇ ಆಗಿತ್ತು.

“ಸುಳ್ಳು ಹೇಳಬೇಡಮ್ಮ. ಈಗ ತಾನೇ ಕುದಿದಿದೆ. ಸಾಕು ಬಿಡು, ಇದಕ್ಕೂ ವಯಸ್ಸಾಯ್ತು, ನನಗೂ ವಯಸ್ಸಾಯ್ತು. ನಾಳೆ ಗುಜರಿಯವನಿಗೆ ಫೋನ್ ಮಾಡ್ತೀನಿ.”

ಹೆಂಡತಿಯ ಮುಖ ಕಪ್ಪಿಟ್ಟಿತು. ಮೇಷ್ಟ್ರು ಬೆನ್ನ ಹಿಂದೆ ಅಡಗಿಸಿಕೊಂಡಿದ್ದ ಫಲಕವನ್ನು ಒಂದು ಸಲ ಬಿಗಿಯಾಗಿ ಹಿಡಿದರು. ಆಮೇಲೆ ಅದನ್ನು ಮುಂದೆ ತಂದರು.

“ಮಾವ, ಕಾರಿಗೆ ಏನೂ ಆಗಿಲ್ಲ. ಇದನ್ನ ನಾನು ಜಾಲರಿಗೆ ಅಡ್ಡ ಹಾಕಿದ್ದೆ. ಒಂದು ವಾರದಿಂದ ಕಾರಿಗೆ ಉಸಿರುಗಟ್ಟಿಸಿ, ಥರ್ಮೋಸ್ಟಾಟ್ ಬೇಯಿಸಿ, ಪಕ್ಕದ ಮನೆಯವರ ಚಾಪೆ ಹಾಳು ಮಾಡಿದೀನಿ. ನಿಮ್ಮ ಮಗಳು ಹೇಳಿದ್ಲು, ನಾನು ಕೇಳ್ಲಿಲ್ಲ. ಗುಜರಿಗೆ ಹಾಕೋದಾದ್ರೆ ಇದನ್ನ ಹಾಕಿ.”

ಮಾವ ಫಲಕವನ್ನು ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರು. ತುಟಿ ಅಲ್ಲಾಡಿಸುತ್ತಾ ಓದಿದರು. ಹೆಸರು ಅಷ್ಟುದ್ದ ಇತ್ತಲ್ಲ, ಬಹಳ ಹೊತ್ತು ಹಿಡಿಯಿತು. ‘ವಾಯುವಿಹಾರಿಗಳ’ ಎಂಬಲ್ಲಿ ಒಮ್ಮೆ ನಿಂತು, ಕಾರನ್ನು ನೋಡಿ, ಮತ್ತೆ ಓದಿದರು. ಕೊನೆಯ ದೊಡ್ಡ ಅಕ್ಷರಗಳನ್ನೂ ಮುಗಿಸಿ, ಫಲಕವನ್ನು ಅಳಿಯನಿಗೆ ಮರಳಿಸಿದರು. ಕಾರಿನಲ್ಲೇ ಬಿಟ್ಟಿದ್ದ ಬೀಗದ ಕೈಯನ್ನು ತೆಗೆದು ಮಗಳ ಕೈಯಲ್ಲಿಟ್ಟು ಬೆರಳು ಮಡಚಿದರು. ಆಮೇಲೆ ಅಳಿಯನ ಬೆನ್ನ ಮೇಲೆ ಕೈ ಹಾಕಿ, ಊಟಕ್ಕೆ ಒಳಗೆ ಕರೆದುಕೊಂಡು ಹೋಗುತ್ತಾ ಹೇಳಿದರು:

“ಇಪ್ಪತ್ತೆಂಟು ವರ್ಷ ನನ್ನ ಕೈಲಿ ಯಾಕೆ ಕುದೀಲಿಲ್ಲ ಅಂತ ಈಗ ಗೊತ್ತಾಯ್ತು ಅಳಿಯಂದ್ರೇ. ನನ್ನನ್ನ ಯಾರೂ ಯಾವುದಕ್ಕೂ ಅಧ್ಯಕ್ಷ ಮಾಡ್ಲೇ ಇಲ್ಲ ನೋಡಿ!”